ನೀರು ಬೆನ್ನ ಹಿಂದಿನಿಂದ ಬಂತು

ಮೊನ್ನೆ ಶನಿವಾರ ಒಬ್ಬ ಹಿರಿಯ ರೈತರು ತಮ್ಮ ಟ್ರ್ಯಾಕ್ಟರಿನ ಧೂಳು ಹಿಡಿದ ಬಾನೆಟ್ಟಿನ ಮೇಲೆ ಬೆರಳಿನಿಂದ ಒಂದು ನಕ್ಷೆ ಬರೆದು ತೋರಿಸಿದರು. ಈ ವಾರವಿಡೀ ಆ ನಕ್ಷೆ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ. ಮಿಸಿಸಿಪ್ಪಿ ನದಿಗೆ ಒಂದು ಗೆರೆ, ಅದರ ಮಗ್ಗುಲಲ್ಲೇ ಮಣ್ಣಿನ ಒಡ್ಡಿಗೆ ಇನ್ನೊಂದು ಗೆರೆ, ಪೂರ್ವಕ್ಕೆ ಸುಣ್ಣಕಲ್ಲಿನ ಗುಡ್ಡಗಳಿಗೆ ಮೂರನೆಯ ಗೆರೆ, ಒಡ್ಡಿಗೂ ಗುಡ್ಡಕ್ಕೂ ನಡುವೆ ಊರಿಗೆ ಒಂದು ಚುಕ್ಕೆ. ನೀರು ಬಂದ ದಾರಿಯನ್ನು ತೋರಿಸುವಾಗ ಬೆರಳು ನದಿಯ ಗೆರೆಯಿಂದಲೇ ಹೊರಡುತ್ತದೆ ಎಂದು ನಾನು ತಿಳಿದಿದ್ದೆ. ಆದರೆ ಅದು ಬಾನೆಟ್ಟಿನ ಮೇಲ್ತುದಿಗೆ, ಉತ್ತರಕ್ಕೆ ಹೋಯಿತು. ಅಲ್ಲಿಂದ ನಡುವಿನ ಬಯಲಿನಲ್ಲೇ ಕೆಳಗಿಳಿದು ಬಂದು ಚುಕ್ಕೆಯನ್ನು ಅಳಿಸಿತು. “ನಾವೆಲ್ಲ ಒಡ್ಡಿನ ಮೇಲೆ ನಿಂತು ನದಿಯನ್ನೇ ನೋಡುತ್ತಿದ್ದೆವು. ನೀರು ಬೆನ್ನ ಹಿಂದಿನಿಂದ ಬಂತು,” ಎಂದರು.

ಆ ಚುಕ್ಕೆಯ ಹೆಸರು ವಾಲ್‌ಮೈಯರ್. ಅಮೆರಿಕದ ಇಲಿನಾಯ್ ರಾಜ್ಯದ ಮನ್ರೋ ಕೌಂಟಿಯ ಸಣ್ಣ ಊರು. ನಾವು ವಾಸವಾಗಿರುವ ಸೇಂಟ್ ಲೂಯಿಸ್‌ನಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆಯ ದಾರಿ. ಅದರ ಸುತ್ತಲಿನ ತಗ್ಗು ಬಯಲಿನಲ್ಲಿ, ಜೋಳ ಮತ್ತು ಸೋಯಾ ಹೊಲಗಳ ನಡುವೆ ಮಾರಾಟಕ್ಕಿರುವ ಒಂದು ಹಳೆಯ ಮನೆ ನಮ್ಮಿಬ್ಬರಿಗೂ ಹಿಡಿಸಿತ್ತು. ಹಿತ್ತಿಲಿದೆ, ಕಪ್ಪು ಮಣ್ಣಿದೆ, ಬೆಲೆಯೂ ಕೈಗೆಟುಕುವಂತಿದೆ. ಮನೆ ತೋರಿಸಿದ ಏಜೆಂಟರನ್ನು ಪ್ರವಾಹದ ಬಗ್ಗೆ ಕೇಳಿದಾಗ, “ಅದು ನೂರು ವರ್ಷಕ್ಕೊಮ್ಮೆ ಬರುವಂಥದ್ದು, 1993ರಲ್ಲಿ ಬಂದು ಹೋಯಿತು, ಈಗ ಒಡ್ಡು ಗಟ್ಟಿಯಾಗಿದೆ,” ಎಂದು ಸಮಾಧಾನ ಹೇಳಿದ್ದರು. ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ; ಎಲ್ಲರೂ ಆಡುವ ಮಾತನ್ನು ಅವರೂ ಆಡಿದರು. ಆದರೆ ಮನೆ ಮಾರುವವರು ಆಡುವ ಮಾತಿಗೆ ಹೆಚ್ಚಿನ ತೂಕವಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೂರು ವರ್ಷದ ಪ್ರವಾಹವೆಂದರೆ ಒಮ್ಮೆ ಬಂದರೆ ಮತ್ತೆ ನೂರು ವರ್ಷ ಬಿಡುವು ಎಂದಲ್ಲ. ಪ್ರತಿ ವರ್ಷವೂ ಅಷ್ಟು ನೀರು ಬರುವ ಸಾಧ್ಯತೆ ನೂರರಲ್ಲಿ ಒಂದು ಎಂದು ಅದರ ಅರ್ಥ. ಹಾಗೆ ಲೆಕ್ಕ ಹಾಕಿದರೆ, 30 ವರ್ಷದ ಗೃಹಸಾಲ ತೀರುವುದರೊಳಗೆ ಒಂದು ಸಲವಾದರೂ ಅಂಥ ನೀರು ಬರುವ ಸಾಧ್ಯತೆ ಶೇ. 26ರಷ್ಟಾಗುತ್ತದೆ. ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚೇ.

ನನ್ನನ್ನು ಶನಿವಾರ ಅಲ್ಲಿಗೆ ಎಬ್ಬಿಸಿಕೊಂಡು ಹೋದದ್ದು ಮಾತ್ರ ಈ ಲೆಕ್ಕವಲ್ಲ, ಅವ್ವನ ಫೋನು. ನಮ್ಮದು ಬಾದಾಮಿ ಕಡೆಯ ಮಲಪ್ರಭಾ ದಂಡೆಯ ಊರು. ಮನೆಯ ಫೋಟೋಗಳನ್ನು ನೋಡಿದ ಅವ್ವ ಅಡುಗೆಮನೆಯ ಬಗ್ಗೆಯಾಗಲಿ ಬೆಲೆಯ ಬಗ್ಗೆಯಾಗಲಿ ಏನೂ ಕೇಳಲಿಲ್ಲ. “ಅಲ್ಲಿ ಹೊಳಿ ಎಲ್ಲೀತನಕ ಬಂದಿತ್ತು ಅಂತ ಊರಾಗಿನವರನ್ನ ಯಾರನ್ನರ ಕೇಳೀಯೇನವಾ?” ಎಂದಳು. ನಾನು ಕೇಳಿರಲಿಲ್ಲ.

ಹಾಗೆ ಕೇಳಲು ಹೋದವಳಿಗೆ ಸಿಕ್ಕವರು ಆ ಹಿರಿಯರು. ಹಳೆಯ ಊರು ಇದ್ದ ಜಾಗದಲ್ಲಿ ಈಗ ಬಹುಪಾಲು ಹುಲ್ಲೇ ಇದೆ. ಬೀದಿಗಳು ಹಾಗೆಯೇ ಉಳಿದಿವೆ, ಒಂದನ್ನೊಂದು ನೇರವಾಗಿ ಕತ್ತರಿಸುತ್ತವೆ. ಬೀದಿಯ ಅಂಚಿನಲ್ಲಿ ಅಲ್ಲಲ್ಲಿ ಕಾಂಕ್ರೀಟು ಇಳಿಜಾರಾಗಿದೆ, ಮನೆಯ ಕಾರು ಒಳಗೆ ಹೋಗಲೆಂದು ಮಾಡಿದ್ದು. ಅದರಾಚೆ ಮನೆಯಿಲ್ಲ. ಯಾರದೋ ಅಂಗಳದ ಮೇಪಲ್ ಮರಗಳು ಇನ್ನೂ ಸಾಲು ತಪ್ಪದೆ ನಿಂತಿವೆ. ಸರ್ಕಾರ ಹಣ ಕೊಟ್ಟು ಕೊಂಡುಕೊಂಡ ನಿವೇಶನಗಳಲ್ಲಿ ಮತ್ತೆ ಮನೆ ಕಟ್ಟುವಂತಿಲ್ಲ. ಹಿರಿಯರು ಅಂಥ ನಾಲ್ಕಾರು ನಿವೇಶನಗಳ ಹುಲ್ಲು ಕತ್ತರಿಸುತ್ತಿದ್ದರು. ನನ್ನನ್ನು ಕಂಡು ಯಂತ್ರ ನಿಲ್ಲಿಸಿದರು. ನಾನು ಅವ್ವನ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಕೇಳಿದೆ: ನೀರು ಎಲ್ಲಿಯವರೆಗೆ ಬಂದಿತ್ತು? ಎದುರಿನ ಮರದ ಕೊಂಬೆಯೊಂದನ್ನು ತೋರಿಸಿದರು. ಕತ್ತೆತ್ತಿ ನೋಡಬೇಕಾಯಿತು.

ಆ ಬಯಲಿಗೆ ನೀರು ಹೊಸದಲ್ಲ. 1943, 1944 ಮತ್ತು 1947ರಲ್ಲಿ, ಐದು ವರ್ಷಗಳೊಳಗೆ ಮೂರು ಸಲ ವಾಲ್‌ಮೈಯರ್ ಮುಳುಗಿತ್ತು. ಅನಂತರ ಸೇನೆಯ ಎಂಜಿನಿಯರುಗಳು ಒಡ್ಡನ್ನು ಎತ್ತರಿಸಿದರು, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಊರು ಒಣಗಿಯೇ ಇತ್ತು. ಆ ನೆಮ್ಮದಿಯಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದು ಮನೆ ಕಟ್ಟಿಕೊಂಡಿತು. 1993ರ ಬೇಸಿಗೆಯಲ್ಲಿ ಮಳೆ ನಿಲ್ಲಲಿಲ್ಲ. ಒಂಬತ್ತು ರಾಜ್ಯಗಳಲ್ಲಿ ಪ್ರವಾಹ ಹರಡಿತು, ಸಾವಿರಕ್ಕೂ ಹೆಚ್ಚು ಒಡ್ಡುಗಳು ಒಡೆದವು ಇಲ್ಲವೇ ನೀರು ಅವುಗಳ ಮೇಲೆ ಹರಿಯಿತು. ಸೇಂಟ್ ಲೂಯಿಸ್‌ನಲ್ಲಿ ನದಿ 30 ಅಡಿ ಮುಟ್ಟಿದರೆ ಪ್ರವಾಹವೆಂದು ಲೆಕ್ಕ. ಆಗಸ್ಟ್ 1ರಂದು ಅದು 49.58 ಅಡಿಗೆ ಏರಿತು. ಅದೇ ದಿನ, ವಾಲ್‌ಮೈಯರ್‌ಗೆ ಉತ್ತರದಲ್ಲಿರುವ ಕೊಲಂಬಿಯಾ ಊರಿನ ಬಳಿಯ ಒಡ್ಡು ಒಡೆಯಿತು.

ಬೆರಳು ಹೊರಟದ್ದು ಅಲ್ಲಿಂದ. ವಾಲ್‌ಮೈಯರಿನ ಜನ ವಾರಗಟ್ಟಲೆ ಮರಳಿನ ಚೀಲ ಹೊತ್ತು ತಮ್ಮ ಒಡ್ಡನ್ನು ಕಾಯ್ದಿದ್ದರು. ಮೇಲಿನ ಊರಿನಲ್ಲಿ ಒಳನುಗ್ಗಿದ ನೀರಿಗೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಒಡ್ಡು. ಅದು ಬಯಲಿನ ಇಳಿಜಾರು ಹಿಡಿದು ದಕ್ಷಿಣಕ್ಕೆ ಹರಿಯಿತು, ಅಡ್ಡ ಬಂದ ಹಳ್ಳದ ಒಡ್ಡನ್ನೂ ದಾಟಿತು, ಮರುದಿನದ ಹೊತ್ತಿಗೆ ಊರೊಳಗಿತ್ತು. ಒಡ್ಡು ನದಿಯ ನೀರನ್ನು ಹೊರಗಿಡುವುದು ಎಷ್ಟು ನಿಜವೋ, ಒಳಗೆ ಬಂದ ನೀರನ್ನು ಒಳಗೇ ಹಿಡಿದಿಡುವುದೂ ಅಷ್ಟೇ ನಿಜ. ನದಿ ಕೆಳಗೆ ಹೋದಂತೆ ಅದರ ಮಟ್ಟವೂ ಇಳಿಯುತ್ತದೆ. ಮೇಲ್ಗಡೆಯ ಎತ್ತರದ ಮಟ್ಟದಲ್ಲಿ ಒಳಹೊಕ್ಕ ನೀರು ಕೆಳತುದಿಯಲ್ಲಿ ಸೇರಿಕೊಂಡಾಗ ಪಕ್ಕದ ನದಿಗಿಂತ ಎತ್ತರದಲ್ಲಿ ನಿಲ್ಲಬಲ್ಲದು. ಮುಂದಿನ ರ‍್ಯಾಂಡೊಲ್ಫ್ ಕೌಂಟಿಯ ಪ್ರೇರಿ ಡು ರೋಷೆ ಎಂಬ ಹಳೆಯ ಫ್ರೆಂಚ್ ಊರನ್ನು ಉಳಿಸಲು ಜನ ತಾವಾಗಿಯೇ ಒಡ್ಡನ್ನು ಕಡಿಯಬೇಕಾದದ್ದು ಇದೇ ಹಿಂದಿನ ನೀರಿನ ಭಯಕ್ಕೆ. ಆ ಊರು ಉಳಿಯಿತು; ಅದಕ್ಕಾಗಿ ಬೇರೆಯವರ ಹೊಲಮನೆಗಳು ಮುಳುಗಿದವು.

ಇದನ್ನೆಲ್ಲ ಹೇಳುವಾಗ ಹಿರಿಯರ ದನಿಯಲ್ಲಿ ಕೊಲಂಬಿಯಾದವರ ಮೇಲೆ ಸಿಟ್ಟಿರಲಿಲ್ಲ. ನನಗೆ ಅದು ಆಶ್ಚರ್ಯವೆನಿಸಿತು, ಗೌರವವೂ ಮೂಡಿತು. “ಅವರೂ ನಮ್ಮ ಹಾಗೆಯೇ ಚೀಲ ಹೊತ್ತವರು,” ಎಂದಷ್ಟೇ ಹೇಳಿ, ತಾವು ಅಂದು ನಿಂತಿದ್ದ ರೀತಿಯನ್ನು ತೋರಿಸಲು ಪಶ್ಚಿಮಕ್ಕೆ ಮುಖ ಮಾಡಿ ನಿಂತರು. ನನಗೆ ಅವರ ಬೆನ್ನು ಕಾಣುತ್ತಿತ್ತು. ಬೆವರಿನಿಂದ ಅಂಗಿ ಅಂಟಿಕೊಂಡಿತ್ತು. ತುಸು ಹೊತ್ತು ಹಾಗೆಯೇ ನಿಂತಿದ್ದರು.

ಊರಿನ ಸುಮಾರು 900 ಜನರಲ್ಲಿ ಬಹುಪಾಲು ಮನೆಮಂದಿ ಸೇರಿ ತೆಗೆದುಕೊಂಡ ತೀರ್ಮಾನ ಈ ದೇಶದಲ್ಲಿ ಇಂದಿಗೂ ಉದಾಹರಣೆಯಾಗಿ ನಿಂತಿದೆ. ಆಗಿನ ಮೇಯರ್ ಡೆನಿಸ್ ನಾಬ್ಲಾಕ್ ಅವರ ಮುಂದಾಳತ್ವದಲ್ಲಿ ಊರವರೇ ಸಮಿತಿಗಳನ್ನು ಮಾಡಿಕೊಂಡು, ಬಯಲಿಗಿಂತ ಸುಮಾರು 400 ಅಡಿ ಎತ್ತರದ ಗುಡ್ಡದ ಮೇಲೆ 500 ಎಕರೆ ಜಮೀನು ಕೊಂಡು, ಬೀದಿ, ಶಾಲೆ, ಚರ್ಚುಗಳ ಜಾಗವನ್ನು ತಾವೇ ಗುರುತಿಸಿ ಊರನ್ನು ಮೇಲಕ್ಕೆ ಸಾಗಿಸಿದರು. 1995ರಲ್ಲಿ ಮೊದಲ ಕುಟುಂಬಗಳು ಹೊಸ ಮನೆ ಹೊಕ್ಕವು. ಎಲ್ಲರೂ ಬರಲಿಲ್ಲ, ಎರಡು ವರ್ಷ ಕಾಯುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಆದರೂ 2020ರ ಜನಗಣತಿಯ ಹೊತ್ತಿಗೆ ಅಲ್ಲಿ ಹಳೆಯ ಊರಿಗಿಂತ ಹೆಚ್ಚು, ಅಂದರೆ 1,200ಕ್ಕೂ ಮೀರಿ ಜನರಿದ್ದರು. 2019ರ ಜೂನ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ನದಿ 46 ಅಡಿ ದಾಟಿದಾಗ ಅವರು ಮೇಲಿನಿಂದ ನೋಡಿದರು.

ನನಗೆ ನಮ್ಮ ಕಡೆಯ ಆಸರೆ ಮನೆಗಳು ನೆನಪಾಗದೆ ಇರಲಿಲ್ಲ. 2009ರ ನೆರೆಯ ಬಳಿಕ ಹೊಳೆಯಿಂದ ದೂರದಲ್ಲಿ ಸಾಲು ಸಾಲಾಗಿ ಎದ್ದ ಆ ನವಗ್ರಾಮಗಳಲ್ಲಿ ಎಷ್ಟೋ ಮನೆಗಳು ಬೀಗ ಹಾಕಿಕೊಂಡೇ ಉಳಿದವು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ನೀರಿಲ್ಲ ಎಂದು ಜನ ಹಳೆಯ ಊರಿಗೇ ಮರಳಿದರು; 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಬಂದಾಗ ಮತ್ತೆ ಸಾಮಾನು ಹೊತ್ತರು. ನಮ್ಮ ಜನ ಹಟಮಾರಿಗಳೆಂದು ಬೆಂಗಳೂರಿನ ಬಂಧುಗಳು ಆಗ ಆಡಿದ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ವಾಲ್‌ಮೈಯರಿನವರು ನಮಗಿಂತ ಬುದ್ಧಿವಂತರಾಗಿದ್ದರಿಂದ ಗುಡ್ಡ ಹತ್ತಲಿಲ್ಲ. ಅಡುಗೆಮನೆಯ ಕಿಟಕಿ ಯಾವ ಕಡೆಗಿರಬೇಕು, ನೆರೆಯವರು ಯಾರಿರಬೇಕು ಎಂದು ಅವರನ್ನು ಕೇಳುವವರಿದ್ದರು. ನಮ್ಮ ಓಣಿಯಲ್ಲಿ ಯಾರೂ ಯಾರನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಭಾನುವಾರ ಅವ್ವನಿಗೆ ಫೋನು ಮಾಡಿ ಮರದ ಕೊಂಬೆಯ ಎತ್ತರ ಹೇಳಿದೆ, ಬಾನೆಟ್ಟಿನ ನಕ್ಷೆಯನ್ನೂ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಆ ಮ್ಯಾಲಿನ ಊರಿನ ಒಡ್ಡು ಈಗ ಯಾರು ನೋಡ್ಕೊಳ್ತಾರ?” ಎಂದಳು.

ಇಲ್ಲಿ ಒಡ್ಡುಗಳ ನಿರ್ವಹಣೆ ಸ್ಥಳೀಯ ಒಡ್ಡು ಮಂಡಳಿಗಳ ಕೈಯಲ್ಲಿರುತ್ತದೆ. ಬಯಲಿನ ಜಮೀನುದಾರರು ಕೊಡುವ ತೆರಿಗೆಯಲ್ಲೇ ಹೆಗ್ಗಣದ ಬಿಲ ಮುಚ್ಚುವುದರಿಂದ ಹಿಡಿದು ಪಂಪು ಓಡಿಸುವವರೆಗೆ ಎಲ್ಲವೂ ನಡೆಯಬೇಕು. ಏಜೆಂಟರಿಗೆ ಸೋಮವಾರ ಪತ್ರ ಬರೆದಿದ್ದೇನೆ. ಮನೆಯ ಎದುರಿನ ಒಡ್ಡಿನ ಬಗ್ಗೆ ಏನೂ ಕೇಳಿಲ್ಲ. ಉತ್ತರದ ಒಡ್ಡಿನ ತಪಾಸಣೆ ಕಡೆಯ ಸಲ ಆದದ್ದು ಯಾವಾಗ, ವರದಿ ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬರುವ ಶನಿವಾರ ನಾವಿಬ್ಬರೂ ಕೊಲಂಬಿಯಾದಿಂದ ಹೊರಟು, ಆ ಬೆರಳು ಇಳಿದ ದಾರಿಯಲ್ಲೇ ಕಾರು ಓಡಿಸಿಕೊಂಡು ಆ ಮನೆಯವರೆಗೆ ಹೋಗಿ ನೋಡುವವರಿದ್ದೇವೆ.