ರಾತ್ರಿ 9 ಗಂಟೆಯ ಮಾತ್ರೆ

26 ನವೆಂಬರ್ 2023, ಭಾನುವಾರ
ಮೈಸೂರು

ತಂಗಿಯ ಬಾಣಂತನಕ್ಕೆ ಅಮ್ಮ ಒಬ್ಬಳೇ ಹೊರಡುವುದೆಂದು ನಿಶ್ಚಯವಾದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್ ದೂರ. ನಡುವೆ ಎಲ್ಲಿಯೂ ಇಳಿಯದ ಏರ್ ಇಂಡಿಯಾ ವಿಮಾನಕ್ಕೆ ಹೋಗುವಾಗ ಹೆಚ್ಚುಕಡಿಮೆ 16 ಗಂಟೆ ಬೇಕು. ಬರುವಾಗ ಅದಕ್ಕಿಂತ ಹೆಚ್ಚು, ಏಕೆಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಹೋಗುವಾಗ ಬೆನ್ನಿಗಿದ್ದು ಬರುವಾಗ ಎದುರಾಗುತ್ತದೆ.

ಅಷ್ಟು ಹೊತ್ತು ಮಂಡಿ ಮಡಚಿ ಕೂರುವ ಬದಲು ನಡುವೆ ಎಲ್ಲಾದರೂ ಇಳಿದು ಹೋಗಬಾರದೇ ಎಂದು ಅಮ್ಮ ಕೇಳಿದಳು. ದುಬೈ ಮೂಲಕ ಹೋದರೆ ಅಲ್ಲಿಂದ ಮುಂದಕ್ಕೇ ಸುಮಾರು 13,000 ಕಿಲೋಮೀಟರ್ ಉಳಿಯುತ್ತದೆ, ಅಂದರೆ ಮತ್ತೆ ಸುಮಾರು 16 ಗಂಟೆಗಳ ಹಾರಾಟ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದರೆ ದಾರಿ ಎರಡು ಪಾಲಾಗುವುದೇನೋ ನಿಜ. ಆದರೆ ಭಾಷೆ ಬಾರದ ಊರಿನಲ್ಲಿ ಅವಳು ಒಬ್ಬಳೇ ಗೇಟು ಹುಡುಕಿಕೊಂಡು ಅಲೆಯುವುದನ್ನು ನೆನೆದರೇ ನನಗೆ ಎದೆ ಹಾರುತ್ತದೆ.

ಭೂಗೋಳದ ಮೇಷ್ಟರಾಗಿದ್ದ ಅಪ್ಪ ಅಟ್ಟದಿಂದ ಗೋಳವನ್ನು ಇಳಿಸಿ, ಧೂಳು ಒರೆಸಿ, ಹೂಕಟ್ಟುವ ದಾರವನ್ನು ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದು ಹಿಡಿದರು. ದಾರವು ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ಈಶಾನ್ಯದ ಅಂಚನ್ನು ಹಾದು ಅಲಾಸ್ಕಾದ ಮೇಲಿಂದ ಕೆಳಗಿಳಿಯಿತು. ಗೋಡೆಯ ನಕಾಶೆಯನ್ನೇ ನಂಬಿದ್ದ ಅಮ್ಮನಿಗೆ ಅಮೆರಿಕೆಯ ದಾರಿ ಉತ್ತರದ ಹಿಮದ ಮೇಲೆ ಹೋಗುವುದು ಆಶ್ಚರ್ಯವೆನಿಸಿತು. ವಿಮಾನ ಈ ದಾರದ ಮೇಲೆಯೇ ಹೋಗುವುದಿಲ್ಲ, ಟಿಬೆಟ್ಟಿನ ಎತ್ತರವನ್ನು ಬಳಸಿಕೊಂಡು, ಗಾಳಿಯ ಅನುಕೂಲ ನೋಡಿಕೊಂಡು ದಿನಕ್ಕೊಂದು ದಾರಿ ಹಿಡಿಯುತ್ತದೆ ಎಂದು ಅಪ್ಪ ವಿವರಿಸಿದರು. 2021ರ ಜನವರಿಯಲ್ಲಿ ಈ ಮಾರ್ಗದ ಮೊದಲ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಬೆಂಗಳೂರಿಗೆ ಹಾರಿಸಿ ತಂದರೆಂದು ಅವರು ಹೇಳಿದಾಗ ಅಮ್ಮನ ಮುಖ ಅರಳಿತು. ನನಗೂ ಆ ಕ್ಷಣ ಎಷ್ಟೋ ಹಗುರವೆನಿಸಿತು.

ಆಮೇಲೆ ಅವಳು ಬಿ.ಪಿ. ಮಾತ್ರೆಯ ಮಾತೆತ್ತಿದಳು. ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟವಳು ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆಗೆ ಇಳಿಯುತ್ತಾಳೆ. ಇಲ್ಲಿಯ ರಾತ್ರಿ 9ರ ಮಾತ್ರೆಯನ್ನು ವಿಮಾನದಲ್ಲೇ ನುಂಗಿದರೆ, ಅಲ್ಲಿ ಅದೇ ತಾರೀಖಿನ ರಾತ್ರಿ 9 ಮತ್ತೊಮ್ಮೆ ಬರುತ್ತದೆ. ಆಗ ನುಂಗಿದರೆ ಹದಿಮೂರೂವರೆ ಗಂಟೆಯೊಳಗೆ ಎರಡು ಮಾತ್ರೆಯಾಗುತ್ತದೆ, ಬಿಟ್ಟು ಮರುದಿನ ರಾತ್ರಿಯವರೆಗೆ ಕಾದರೆ ಮೂವತ್ತೇಳೂವರೆ ಗಂಟೆ ಮಾತ್ರೆಯೇ ಇರುವುದಿಲ್ಲ. ಅಲ್ಲಿ ಮರುದಿನ ಬೆಳಿಗ್ಗೆ ಏಳೂವರೆಗೆ, ಅಂದರೆ ನಮ್ಮ ಗಡಿಯಾರದ ರಾತ್ರಿ 9ಕ್ಕೇ, ತೆಗೆದುಕೊಳ್ಳುವುದು ಸರಿಯೆಂದು ಅಪ್ಪನ ಅಭಿಪ್ರಾಯ. ನಾಳೆ ಡಾಕ್ಟರನ್ನು ಕೇಳದೆ ನಾನು ಒಪ್ಪುವುದಿಲ್ಲ. ಅಷ್ಟಕ್ಕೂ ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿದರೆ ಅವಳಿಗೆ ತಲೆ ಸುತ್ತುತ್ತದೆ, ಅಲ್ಲಿ ತಂಗಿ ಬೆಳಿಗ್ಗೆ ಎಷ್ಟು ಹೊತ್ತಿಗೆ ತಿಂಡಿ ಮಾಡುತ್ತಾಳೋ, ಅದನ್ನೂ ಕೇಳಬೇಕು.