ಜೂನ್ 1ರಂದು ಹುಟ್ಟಿದವರು

ಕಲಬುರಗಿಯ ಒಂದು ಆಸ್ಪತ್ರೆಗಾಗಿ ರೋಗಿಗಳ ದಾಖಲೆಗಳನ್ನು ಪರಿಶೀಲಿಸುತ್ತಿದ್ದಾಗ, ಜನ್ಮದಿನಾಂಕದ ನಕ್ಷೆಯಲ್ಲಿ ಜೂನ್ 1 ಒಂದೇ ಗೋಪುರದಂತೆ ಎದ್ದು ಕಾಣುತ್ತಿತ್ತು. ಹೊರಗಿನವರು ಇದನ್ನು ತಂತ್ರಾಂಶದ ದೋಷವೆಂದುಕೊಂಡಾರು. ಹುಟ್ಟಿದ ದಿನವನ್ನು ಬರೆದಿಡದ ಮನೆಯ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಮಾಸ್ತರರು ಅಂದಾಜಿನಿಂದ ಹಾಕಿದ ತಾರೀಖೇ ಮುಂದೆ ಆಧಾರ್‌ವರೆಗೂ ನಡೆದುಬಂದಿದೆ ಎಂಬುದನ್ನು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ.

ಮರುತಪಾಸಣೆಗೆ ಯಾರು ಬರಲಾರರು ಎಂಬುದನ್ನು ಮೊದಲೇ ಗುರುತಿಸುವುದು ನಮ್ಮ ಕೆಲಸವಾಗಿತ್ತು. ಗಣಕವು ಜೂನ್ 1ರವರನ್ನೇ ಹೆಚ್ಚಾಗಿ ಎತ್ತಿ ತೋರಿಸಿತು, ಮತ್ತು ಅದರ ಲೆಕ್ಕ ತಪ್ಪಾಗಿರಲಿಲ್ಲ. ಅವರಲ್ಲಿ ಅನೇಕರು ಸುಗ್ಗಿ ಮುಗಿಯುತ್ತಲೇ ಪುಣೆ, ಮುಂಬೈ, ಬೆಂಗಳೂರುಗಳಿಗೆ ಗುಳೆ ಹೋಗುವವರು. ಬಾರದವರಿಗೆ ಸಮಯ ಕಾಯ್ದಿರಿಸುವುದೇಕೆ ಎಂಬ ಮಾತು ಸಭೆಯಲ್ಲಿ ಬಂದಾಗ ನಾನು ವಿರೋಧಿಸಿದೆ. ಅದೇ ಪಟ್ಟಿಯನ್ನು ಹಿಡಿದು, ಅವರು ಊರು ಬಿಡುವ ಮೊದಲೇ ಕರೆ ಮಾಡಿ ಹೆಚ್ಚು ದಿನದ ಔಷಧಿ ಕೊಡಲೂ ಸಾಧ್ಯವಿತ್ತಲ್ಲ.

ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ರೋಗಿಗಳಿಗೆ ಅಂಕ ಕೊಡಲು ಅಮೆರಿಕದಲ್ಲಿ ಬಳಕೆಯಲ್ಲಿದ್ದ ಒಂದು ಗಣಕ ವ್ಯವಸ್ಥೆ ಚಿಕಿತ್ಸೆಗಾದ ಖರ್ಚನ್ನೇ ಕಾಯಿಲೆಯ ಅಳತೆಯೆಂದು ಭಾವಿಸಿತ್ತು. ಕಪ್ಪು ವರ್ಣೀಯರಿಗಾಗಿ ಖರ್ಚಾಗುತ್ತಿದ್ದುದೇ ಕಡಿಮೆ. ಆದ್ದರಿಂದ ಬಿಳಿಯರಷ್ಟೇ ಅಂಕ ಪಡೆದ ಅವರು ನಿಜದಲ್ಲಿ ಹೆಚ್ಚು ಅಸ್ವಸ್ಥರಾಗಿದ್ದರೆಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನವೊಂದು ತೋರಿಸಿತು. ನಮ್ಮ ಸಭೆಯೂ ಬಡತನವನ್ನು ನಿರ್ಲಕ್ಷ್ಯವೆಂದು ಓದಲು ಹೊರಟಿತ್ತು.

ಹೆಸರು ಅಳಿಸಿದರೆ ಗೋಪ್ಯತೆ ಉಳಿಯುತ್ತದೆಂಬ ನಂಬಿಕೆಯೂ ಅಷ್ಟೇ ಪೊಳ್ಳು. ಅಂಚೆ ಸಂಖ್ಯೆ, ಲಿಂಗ, ಜನ್ಮದಿನಾಂಕ ಇಷ್ಟರಿಂದಲೇ ಅಮೆರಿಕದ ಶೇ. 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂದು ದತ್ತಾಂಶ ಗೋಪ್ಯತೆಯ ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲಿ ಅಂದಾಜಿಸಿದ್ದರು. ನಮ್ಮಲ್ಲಿ ಜನ್ಮದಿನಾಂಕ ಅಷ್ಟು ಬಾಯಿಬಿಡುವುದಿಲ್ಲ (ಮಾಸ್ತರರ ಪುಣ್ಯ!), ಆದರೆ ತಾಂಡಾದ ಹೆಸರು ಬಾಯಿಬಿಡುತ್ತದೆ: ಮೂವತ್ತು ಮನೆಗಳ ತಾಂಡಾದಲ್ಲಿ ಡಯಾಲಿಸಿಸ್‌ಗೆ ಹೋಗುವವರು ಯಾರೆಂದು ಎಲ್ಲರಿಗೂ ಗೊತ್ತು. ಆ ಕಾಲಂ ತೆಗೆದು ತಾಲ್ಲೂಕನ್ನಷ್ಟೇ ಉಳಿಸಿದೆ. ವಿಶ್ಲೇಷಣೆಗೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷಿನಲ್ಲಿತ್ತು, ಕೆಳಗೆ ಹೆಬ್ಬೆಟ್ಟಿನ ಗುರುತು. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆಯಲಾಗಿದೆಯೋ ಅದಕ್ಕೆ ಅಗತ್ಯವಿರುವಷ್ಟೇ ಮಾಹಿತಿ ಬಳಸಬೇಕು, ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಪತ್ರವನ್ನು ಕನ್ನಡದಲ್ಲಿ ಬರೆದು ಸರದಿಯಲ್ಲಿದ್ದ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಆ ತಾರೀಖು ಖರೇ ಅಲ್ರಿ ಸರ್, ನಾ ಎಳ್ಳಮಾಸಿ ದಿನ ಹುಟ್ಟೀನಿ” ಎಂದರು. ಅದನ್ನು ತುಂಬಲು ನಮ್ಮ ತಂತ್ರಾಂಶದಲ್ಲಿ ಜಾಗವಿರಲಿಲ್ಲ.