ಗಾದಿ ಅಂಗಡಿಯವನು ನೋಡಿದ ಪೆಂಗ್ವಿನ್

ಕಲಬುರಗಿಯಲ್ಲಿ ರಜಾಯಿ ಕೇಳಿಕೊಂಡು ಬರುವ ಗಿರಾಕಿಗಳು ವರ್ಷಕ್ಕೆ ಎರಡು ತಿಂಗಳು ಸಿಕ್ಕರೆ ಹೆಚ್ಚು. ಉಳಿದಂತೆ ಗಾದಿ, ತಲೆದಿಂಬು, ಮದುವೆ ಆರ್ಡರು. ಆದರೆ ಬಂದವರೆಲ್ಲರ ಮಾತೂ ಒಂದೇ: "ಅರಳೆ ಜಾಸ್ತಿ ಹಾಕ್ರಿ, ಕೈಯಾಗ ಹಿಡಿದ್ರ ವಜನ್ ಇರ್ಬೇಕ್ ನೋಡ್ರಿ." ವಜನ್‌ಗೆ ರೊಕ್ಕ ಕೊಡ್ತೀರಿ, ಥಂಡಿ ಮಾತ್ರ ಹೋಗಂಗಿಲ್ಲ ಅಂತ ನಾನು ಹೇಳಿದರೆ ನಂಬುವವರು ಕಡಿಮೆ. ಚೆನ್ನಾಗಿ ಹಿಂಜಿದ ಅರಳೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಥಂಡಿ ತಡೆಯುವುದು. ಅದೇ ಅರಳೆ ಹಳೆಯದಾಗಿ ಗಂಟು ಕಟ್ಟಿದರೆ ತೂಕ ಅಷ್ಟೇ ಇರುತ್ತದೆ, ಬೆಚ್ಚಗೆ ಮಾತ್ರ ಇರುವುದಿಲ್ಲ.

ಈ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಪೆಂಗ್ವಿನ್ ನೋಡುತ್ತಿದ್ದ. "ಮಾಮಾ, ಇವಕ್ಕ ಥಂಡಿ ಹತ್ತಂಗಿಲ್ಲೇನು?" ಎಂದ. ವಿಡಿಯೋದವನು ಆಗಲೇ ಉತ್ತರ ಕೊಟ್ಟಾಗಿತ್ತು, ಚರ್ಮದ ಕೆಳಗೆ ದಪ್ಪ ಕೊಬ್ಬು ಇದೆ ಅಂತ. ಅದು ನನಗೆ ಸರಿ ಬರಲಿಲ್ಲ. ವಜನ್ ಕೇಳುವ ಗಿರಾಕಿಯ ಮಾತೇ ಇದು ಅನ್ನಿಸಿ, ರಾತ್ರಿ ಕೂತು ಓದಿದೆ.

ಕೊಬ್ಬು ಇರುವುದು ನಿಜ, ಎರಡು ಮೂರು ಸೆಂಟಿಮೀಟರ್ ದಪ್ಪ. ಆದರೆ ಎಂಪರರ್ ಪೆಂಗ್ವಿನ್‌ನಲ್ಲಿ ಕಾವಿಗೆ ಕೂರುವುದು ಗಂಡು. ಅಂಟಾರ್ಕ್ಟಿಕಾದ ನಡು ಚಳಿಗಾಲ, ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಸೂರ್ಯನೇ ಸರಿಯಾಗಿ ಕಾಣದ ದಿನಗಳು. ಕೂಡುವ ಕಾಲದಿಂದ ಮರಿ ಒಡೆದು ತಾಯಿ ಸಮುದ್ರದಿಂದ ವಾಪಸ್ ಬರುವವರೆಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಅದು ಏನೂ ತಿನ್ನುವುದಿಲ್ಲ. ಕರಗುವುದು ಅದೇ ಕೊಬ್ಬು. ದಿನಾ ಕರಗುವ ಕೊಬ್ಬನ್ನೇ ಹೊದಿಕೆ ಅಂತ ನೆಚ್ಚಿಕೊಂಡರೆ ಜುಲೈ ಹೊತ್ತಿಗೆ ಗತಿ ಏನು? ಕೊಬ್ಬು ಅದರ ಬುತ್ತಿ. ಹೊದಿಕೆ ಎಂದರೆ ಪುಕ್ಕ.

ಆ ಪುಕ್ಕದ ವಿಷಯ ಓದುತ್ತಾ ನನಗೆ ನಿದ್ದೆ ಹಾರಿತು. ಪೆಂಗ್ವಿನ್ ಮೈಮೇಲೆ ಬೇರೆ ಯಾವ ಹಕ್ಕಿಗೂ ಇಲ್ಲದಷ್ಟು ಒತ್ತಾಗಿ ಪುಕ್ಕ ಇರುತ್ತದೆ ಎಂದೇ ಬಹಳ ಕಾಲ ಹೇಳುತ್ತಿದ್ದರು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದವರು ಕೂತು ಎಣಿಸಿಯೇಬಿಟ್ಟರು. ಮೇಲಿನ ಗಟ್ಟಿ ಪುಕ್ಕ ಚದರ ಸೆಂಟಿಮೀಟರಿಗೆ ಸುಮಾರು 9, ಅಷ್ಟೇ. ಆದರೆ ಅದರ ಕೆಳಗೆ, ಚರ್ಮಕ್ಕೆ ಅಂಟಿಕೊಂಡಂತೆ, ಕಣ್ಣಿಗೆ ಬೀಳದ ಸಣ್ಣ ತುಪ್ಪುಳ ಅದರ ನಾಲ್ಕು ಪಟ್ಟು! ಗಟ್ಟಿ ಪುಕ್ಕದ ಬುಡದಲ್ಲೂ ಬೇರೆ ತುಪ್ಪುಳ. ಮೇಲಿನ ಪುಕ್ಕಗಳು ಹೆಂಚಿನಂತೆ ಒಂದರ ಮೇಲೊಂದು ಕೂತು ಗಾಳಿ ನುಗ್ಗದಂತೆ ನೋಡಿಕೊಳ್ಳುತ್ತವೆ, ಒಳಗಿನ ತುಪ್ಪುಳ ನಿಂತ ಗಾಳಿಯನ್ನು ಅಲ್ಲಾಡಲು ಬಿಡುವುದಿಲ್ಲ. ಹಿಂಜಿದ ಅರಳೆ, ಮೇಲೊಂದು ಗಟ್ಟಿ ಖೋಳು.

ಈ ಹೊದಿಕೆ ಎಷ್ಟು ಪಕ್ಕಾ ಎಂದರೆ, ಶಾಖ ಅಳೆಯುವ ಕ್ಯಾಮೆರಾ ಹಿಡಿದು ನೋಡಿದಾಗ ಪುಕ್ಕದ ಹೊರಮೈ ಸುತ್ತಲಿನ ಗಾಳಿಗಿಂತಲೂ ತಣ್ಣಗಿತ್ತು. ಒಳಗೆ 38 ಡಿಗ್ರಿ ಮೈ!

ಕಾಲಿಗೆ ಪುಕ್ಕ ಇಲ್ಲವಲ್ಲ, ಅಲ್ಲಿ ಬೇರೆ ಉಪಾಯ. ಕೆಳಗಿಳಿಯುವ ಬಿಸಿ ರಕ್ತದ ನಾಳ, ಮೇಲೇರುವ ತಣ್ಣನೆಯ ರಕ್ತದ ನಾಳ ಒಂದಕ್ಕೊಂದು ತಾಗಿಕೊಂಡೇ ಹೋಗುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾರಿಯಲ್ಲೇ ಕೊಟ್ಟುಬಿಡುತ್ತದೆ. ಹಾಗಾಗಿ ಪಾದ ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗೆ. ಬಿಸಿ ಮಂಜಿಗೆ ಸೋರಿ ಹೋಗುವುದಿಲ್ಲ. ಮೊಟ್ಟೆ ಕೂರುವುದು ಅದೇ ಪಾದದ ಮೇಲೆ, ಆದರೆ ಹೊಟ್ಟೆಯ ಮಡಿಕೆಯೊಂದು ಅದನ್ನು ಮುಚ್ಚಿರುತ್ತದೆ.

ಇಷ್ಟಾದರೂ ಒಂಟಿಯಾಗಿ ನಿಂತರೆ ಬುತ್ತಿ ಬೇಗ ಖಾಲಿ. ಅದಕ್ಕೇ ಒತ್ತೊತ್ತಾಗಿ ಗುಂಪು ಕಟ್ಟುತ್ತವೆ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಎಲ್ಲವೂ 5ರಿಂದ 10 ಸೆಂಟಿಮೀಟರ್ ಸರಿಯುತ್ತವೆ, ಗುಂಪೂ ಬಿಡುವುದಿಲ್ಲ, ಯಾರೂ ಹೊರಗೇ ಉಳಿಯುವುದೂ ಇಲ್ಲ. ಒಳಗಿನ ಶಾಖ ಕೆಲವೊಮ್ಮೆ 37 ಡಿಗ್ರಿ ದಾಟುತ್ತದಂತೆ. ನಮ್ಮ ಮಾರ್ಚ್ ತಿಂಗಳ ಮಧ್ಯಾಹ್ನ! ಸೆಕೆ ತಡೆಯದೆ ಗುಂಪು ಚದುರುತ್ತದೆ, ಬಿಡಿಬಿಡಿಯಾಗಿ ನಿಂತು ತಂಪಾಗುತ್ತವೆ. ಬಿಚ್ಚಿ ಮಡಚಿಡಲಾಗದ ರಜಾಯಿ ಹೊದ್ದವರ ಪಾಡು ಅದು.

ಈ ಹೊದಿಕೆಗೆ ಒಂದು ಬಲಹೀನತೆ ಇದೆ. ದೊಡ್ಡ ಹಕ್ಕಿಯ ಪುಕ್ಕಕ್ಕೆ ನೀರು ಹಿಡಿಯುವುದಿಲ್ಲ, ಬಾಲದ ಹತ್ತಿರದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಸವರಿಕೊಳ್ಳುತ್ತದೆ. ಮರಿಯ ಬೂದು ತುಪ್ಪುಳ ಹಾಗಲ್ಲ, ನೆನೆದರೆ ಮುಗಿಯಿತು. 2022ರ ಕೊನೆಯಲ್ಲಿ ಅಂಟಾರ್ಕ್ಟಿಕಾದ ಬೆಲಿಂಗ್‌ಹೌಸನ್ ಸಮುದ್ರದ ಕಡೆ ಮರಿಗಳಿಗೆ ದೊಡ್ಡ ಪುಕ್ಕ ಬರುವ ಮೊದಲೇ ಅವುಗಳ ಕಾಲಡಿಯ, ಸಮುದ್ರದ ಮೇಲಿನ ಮಂಜುಗಡ್ಡೆ ಒಡೆಯಿತು. ಅಲ್ಲಿನ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಆ ವರ್ಷದ ಮರಿಗಳು ಉಳಿದಿರಲಾರವು ಎಂದು ಉಪಗ್ರಹದ ಚಿತ್ರ ನೋಡಿದವರು ಬರೆದರು. ಇದನ್ನು ಹುಡುಗನಿಗೆ ಹೇಳಿಲ್ಲ.

ಅವನಿಗೆ ಈಗ ಪೆಂಗ್ವಿನ್ ಕಣ್ಣಾರೆ ನೋಡಬೇಕಂತೆ. ಮುಂಬೈನ ಭಾಯಖಳಾದ ರಾಣಿ ಬಾಗ್‌ನಲ್ಲಿ 2016ರಿಂದ ಇವೆ, ಆದರೆ ಅವು ಹಂಬೋಲ್ಟ್ ಜಾತಿ, ಪೆರು ಮತ್ತು ಚಿಲಿಯ ಕರಾವಳಿಯವು. ಮಂಜಿನ ನಾಡಿನವಲ್ಲ. ಕೊಕ್ಕಿನ ಬುಡದಲ್ಲಿ ಪುಕ್ಕವಿಲ್ಲದ ಗುಲಾಬಿ ಚರ್ಮ ಇರುತ್ತದೆ, ಮೈ ಬಿಸಿ ಹೊರಹಾಕಲು. ಇಲ್ಲಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬೈ. ಹೋಗುವವರಿದ್ದರೆ ನೆನಪಿಡಿ, ಬುಧವಾರ ಬಂದ್ ಇರುತ್ತದೆ.